ಎಲ್ ಅಕ್ಷರದ ವಿಮಾನ

ಸರಸ್ವತಿಪುರಂನಲ್ಲಿ ಬಿಂದುಮಾಧವರ ಮನೆ ಯಾವುದೆಂದು ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ವಿಮಾನದ ಮೇಷ್ಟ್ರ ಮನೆ ಎಂದರೆ ಹಾಲಿನವನೂ ಕೈಮಾಡಿ ತೋರಿಸುತ್ತಿದ್ದ. ಹಾಗೆಂದು ಅವರು ವಿಮಾನ ನಡೆಸಿದವರಲ್ಲ. ಬಿ.ಎಸ್‌ಸಿ. ಮುಗಿಸಿದ ಹೊಸದರಲ್ಲಿ ವಾಯುಪಡೆಯ ಹವಾಮಾನ ವಿಭಾಗ ಸೇರಿ, ಬರ್ಮಾ ಗಡಿಯ ಮಣ್ಣಿನ ನಿಲ್ದಾಣವೊಂದರಲ್ಲಿ ಬಲೂನು ಬಿಟ್ಟು ಗಾಳಿ ಅಳೆಯುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದು ಊರಿಗೆ ಬಂದ ಮೇಲೆ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್ ಆದರು. 1948ರಿಂದ ಅವರನ್ನು ಹಿಡಿದದ್ದು ಒಂದೇ ಹುಚ್ಚು: ಆ ಯುದ್ಧದಲ್ಲಿ ಹಾರಿದ ಮೈಸೂರು ಸೀಮೆಯವರ ಚರಿತ್ರೆ ಬರೆಯುವುದು. ಯಾರು, ಯಾವ ವಿಮಾನ, ಎಲ್ಲಿಗೆ ಹೋಯಿತು, ಏನಾಯಿತು. ಎರಡು ಕಡೆಯಿಂದ ಖಚಿತವಾಗದ ಯಾವುದನ್ನೂ ಬರೆಯುವುದಿಲ್ಲವೆಂಬುದು ಅವರ ನಿಯಮ. ಆ ನಿಯಮದ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಹಾರಿದವರಲ್ಲಿ ಲಷ್ಕರ್ ಮೊಹಲ್ಲಾದ ಚೆಲುವರಾಜು ಒಬ್ಬ. ಇಬ್ಬರು ಕೂರುವ ಬಾಂಬರಿನಲ್ಲಿ ಹಿಂದಿನ ಸೀಟಿನವನು; ವೈರ್‌ಲೆಸ್ಸೂ ಅವನದೇ, ಬಂದೂಕೂ ಅವನದೇ. 1944ರ ಮಾರ್ಚಿನ ಒಂದು ಬೆಳಿಗ್ಗೆ ಹೋದ ವಿಮಾನ ಹಿಂದಿರುಗಲಿಲ್ಲ. ಅದು ನೆಲ ಬಿಡುವುದನ್ನು ಬಿಂದುಮಾಧವರು ಕಣ್ಣಾರೆ ಕಂಡಿದ್ದರು. ಅದರ ಮೈಮೇಲೆ ಎಲ್ ಎಂಬ ಇಂಗ್ಲಿಷ್ ಅಕ್ಷರ ಆಳೆತ್ತರಕ್ಕೆ ಬರೆದಿತ್ತು.

ಚೆಲುವರಾಜು ಮೃತನಾಗಿರುವನೆಂದು ಭಾವಿಸಲಾಗಿದೆ, ಎಂದು ಸರ್ಕಾರ ತಿಳಿಸಿತು. ಅವನ ತಾಯಿ ಪುಟ್ಟತಾಯಮ್ಮ ಒಪ್ಪಲಿಲ್ಲ.

“ಭಾವಿಸಿದೋರು ಯಾರಂತೆ? ಹೋಗಿ ನೋಡ್ಕೊಂಡ್ ಬಂದವ್ರಂತಾ?”

ಪಿತೃಪಕ್ಷದ ಹಿರಿಯರ ಹಬ್ಬದಲ್ಲಿ ಅವರು ತೀರಿಹೋದ ಗಂಡನಿಗೆ, ಅತ್ತೆ ಮಾವನಿಗೆ ಹೊಸ ಬಟ್ಟೆಯಿಟ್ಟು ಎಡೆ ಬಡಿಸುತ್ತಿದ್ದರು. ಮಗನಿಗೆ ಮಾತ್ರ ಇಲ್ಲ. ಬದುಕಿರುವವನಿಗೆ ಎಡೆಯಿಟ್ಟರೆ ಅವನ ಸಾವನ್ನು ಕೈಯಾರೆ ಕರೆದ ಹಾಗೆ. ಸೊಸೆ ದೇವಿರಮ್ಮ ಬಳೆ, ಕುಂಕುಮ ತೆಗೆಯದೆ ಹಾಗೇ ಉಳಿದಳು. ಆದರೆ ಬೀದಿಯ ಹೆಂಗಸರು ಅವಳನ್ನು ಅರಿಸಿನ ಕುಂಕುಮಕ್ಕೆ ಕರೆಯುವುದನ್ನು ಮೆಲ್ಲಗೆ ಬಿಟ್ಟರು. ಇಪ್ಪತ್ತು ತುಂಬುವ ಮೊದಲೇ ಶುರುವಾದ ಈ ಅತಂತ್ರ ಬದುಕು ಎಂಟು ವರ್ಷ ನಡೆಯಿತು.

1952ರಲ್ಲಿ ಒಬ್ಬ ನಿವೃತ್ತ ಅಧಿಕಾರಿಯಿಂದ ಬಿಂದುಮಾಧವರಿಗೆ ಸುದ್ದಿ ಬಂತು. ಗಡಿಯಾಚೆಯ ಗುಡ್ಡದ ಮೇಲೆ ಚೆಲುವರಾಜು ಇದ್ದ ದಳದ ವಿಮಾನದ ಅವಶೇಷ ಸಿಕ್ಕಿದೆ, ಎಲ್ ಅಕ್ಷರ ಇನ್ನೂ ಕಾಣುತ್ತದೆ, ಒಳಗಿದ್ದ ಇಬ್ಬರನ್ನು ಗುಡ್ಡದ ಜನ ಆಗಲೇ ಮಣ್ಣು ಮಾಡಿದ್ದಾರೆ. ತಾವು ಕಂಡದ್ದು ಎಲ್, ಸಿಕ್ಕಿದ್ದೂ ಎಲ್. ಎರಡು ಕಡೆಯಿಂದಲೂ ತಾಳೆಯಾಯಿತು. ಮರುದಿನವೇ ಲಷ್ಕರ್ ಮೊಹಲ್ಲಾಕ್ಕೆ ಹೋಗಿ ಹೇಳಿದರು.

ಪುಟ್ಟತಾಯಮ್ಮ ಕೇಳಿದರು: “ನೀವು ಭಾವಿಸ್ತಾ ಇದ್ದೀರಾ, ಇಲ್ಲ ಗೊತ್ತಾ ಮೇಷ್ಟ್ರೇ?”

“ಗೊತ್ತು ತಾಯಿ.”

ಬಾಗಿಲ ಹಿಂದೆ ನಿಂತಿದ್ದ ದೇವಿರಮ್ಮ ಅಳಲಿಲ್ಲ, ಕೈಯ ಬಳೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಆ ವರ್ಷ ಚೆಲುವರಾಜುವಿಗೆ ಎಡೆ ಬಿತ್ತು. ಮರುವರ್ಷ ಕುಲದ ಹಿರಿಯರು ಸೇರಿ, ಗಂಡ ಸತ್ತವಳಿಗೆ ಮಾಡುವ ಕೂಡಾವಳಿ ಮದುವೆ ಮಾಡಿ, ಮಂಡಿ ಮೊಹಲ್ಲಾದ ಗೋಣಿಚೀಲದ ಅಂಗಡಿಯ ಜವರಯ್ಯನಿಗೆ ದೇವಿರಮ್ಮನನ್ನು ಕೊಟ್ಟರು. ಮುಂದೆ ನಿಂತು ಕೊಟ್ಟವರು ಪುಟ್ಟತಾಯಮ್ಮನೇ. ಬಿಂದುಮಾಧವರನ್ನು ಕರೆಸಿ ಜಗಲಿಯ ಮೇಲೆ ಕೂರಿಸಿ, ನಾಲ್ಕು ಜನರ ಎದುರು, “ಇವರು ಹೇಳಿದ್ಮೇಲೇ ನಾನು ಒಪ್ಕೊಂಡಿದ್ದು” ಎಂದು ತಾಂಬೂಲ ಕೊಟ್ಟರು.

ಮನೆಗೆ ಬಂದ ಬಿಂದುಮಾಧವರು ಹೆಂಡತಿ ಪ್ರೇಮಲೀಲಾಗೆ ಹೇಳಿದರು: “ಚರಿತ್ರೆ ಅಂದ್ರೆ ಬರೀ ಹಳೇ ಕಾಗದ ಅಂತಿದ್ದೆಯಲ್ಲ, ನೋಡಿದ್ಯಾ?”

“ಅಂತಿದ್ದೆ. ಆ ಕಾಗದ ಈಗ್ಲೂ ನಡುಮನೇಲೇ ಬಿದ್ದಿದೆ. ಒಂದಿಷ್ಟು ಜರುಗಿಸಿ, ಎಲೆ ಹಾಕ್ಬೇಕು.”

1957ರಲ್ಲಿ ಪ್ರಯೋಗಶಾಲೆಯ ಏಳನೇ ನಂಬರಿನ ಗ್ಯಾಲ್ವನೋಮೀಟರು ಸುಟ್ಟುಹೋಯಿತು. ಬದಲಿಗೆ ಹೊಸದು ಬಂತು. ಕಪಾಟಿನ ಸಾಲು ಕೆಡಬಾರದೆಂದು ಬಿಂದುಮಾಧವರು ಎಂದಿನಂತೆ ತಾವೇ ಬಿಳಿ ಬಣ್ಣ ಕಲಸಿ ಹೊಸ ಪೆಟ್ಟಿಗೆಯ ಮೇಲೆ ಏಳು ಎಂದು ಬರೆಯತೊಡಗಿದರು. ಅರ್ಧ ಬರೆದಾಗ ಕುಂಚ ನಿಂತಿತು.

ಹಳೆಯದು ಹೋಯಿತು, ಹೊಸದಕ್ಕೂ ಅದೇ ಅಂಕಿ. ದಳದಲ್ಲಿಯೂ ಹೀಗೇ ಮಾಡುತ್ತಿದ್ದರಲ್ಲವೆ? ಒಂದು ವಿಮಾನ ಹಾಳಾದರೆ ಬದಲಿಗೆ ಬಂದದ್ದಕ್ಕೆ ಅದೇ ಅಕ್ಷರ ಬರೆಯುತ್ತಿದ್ದರು. ಇದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ, ಎಷ್ಟೋ ಸಲ ನೋಡಿದ್ದರು. ತಾವು ಆ ನಿಲ್ದಾಣಕ್ಕೆ ಹೋದದ್ದು 1944ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ಎಲ್ ಎಂಬ ಇನ್ನೊಂದು ವಿಮಾನ ಇತ್ತೇ ಎಂದು ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ವಿದ್ಯಾರ್ಥಿ ಹೀಗೆ ಮಾಡಿದ್ದರೆ ಪ್ರಯೋಗವನ್ನು ಮೊದಲಿನಿಂದ ಮಾಡಿಸುತ್ತಿದ್ದರು. ಇದನ್ನು ಮೊದಲಿನಿಂದ ಮಾಡಿಸುವುದು ಹೇಗೆ?

ಅದೇ ಅಧಿಕಾರಿಗೆ ಬರೆದು ಕೇಳಿದರು. ಉತ್ತರ ಸ್ಪಷ್ಟವಾಗಿತ್ತು. ಆ ವರ್ಷ ಜನವರಿಯಲ್ಲಿ ಕಳೆದುಹೋದ ವಿಮಾನವೂ ಎಲ್. ಗುಡ್ಡ ಇರುವುದು ಆ ಜನವರಿಯ ವಿಮಾನ ಹಾರಿದ ದಾರಿಯಲ್ಲಿ. ಚೆಲುವರಾಜು ಹೋದದ್ದು ತದ್ವಿರುದ್ಧವಾಗಿ, ಸಮುದ್ರದ ಕಡೆಗೆ. ಗುಡ್ಡದ ಮೇಲೆ ಮಲಗಿರುವವರು ಬೇರೆ ಯಾರದೋ ಮಕ್ಕಳು.

ಬಿಂದುಮಾಧವರಿಗೆ ಲಷ್ಕರ್ ಮೊಹಲ್ಲಾದ ತಿರುವಿನವರೆಗೆ ಹೋಗಿ ಹಿಂದಿರುಗುವುದು ಅಭ್ಯಾಸವಾಯಿತು. ದೇವಿರಮ್ಮನಿಗೆ ಆಗ ಎರಡು ವರ್ಷದ ಮಗಳು. ಹೇಳಿದರೆ ಅವಳ ಸಂಸಾರದ ಬುಡಕ್ಕೆ ಏಟು. ಹೇಳದಿದ್ದರೆ ತಮ್ಮ ಮಾತನ್ನು ನಂಬಿದ ತಾಯಿ ಪ್ರತಿವರ್ಷ ಮಗನಿಗೆ ಎಡೆ ಇಡುತ್ತಲೇ ಇರುತ್ತಾರೆ. ಊಟಕ್ಕೆ ಕೂತರೂ ಅದೇ ಯೋಚನೆ. ಕಲಸಿದ ಅನ್ನ ಎಲೆಯಲ್ಲೇ ಉಳಿಯುತ್ತಿತ್ತು. ಕೊನೆಗೊಂದು ಮಧ್ಯಾಹ್ನ, ಪುಟ್ಟತಾಯಮ್ಮ ಒಬ್ಬರೇ ಇರುವಾಗ, ಹೋಗಿ ಹೇಳಿದರು. ನೆಲ ನೋಡಿಕೊಂಡೇ ಹೇಳಿದರು.

“ಅಂಗಾರೆ ನನ್ನ ಮಗ ಸತ್ತಿಲ್ವಾ?”

“ಸತ್ತಿಲ್ಲ ಅಂತ ಹೇಳ್ತಿಲ್ಲ ತಾಯಿ. ಸತ್ತಿದಾನೆ ಅನ್ನೋಕೆ ನನ್ನ ಹತ್ರ ಏನೂ ಇಲ್ಲ. ಅವತ್ತೂ ಇರಲಿಲ್ಲ.”

“ಗೊತ್ತು ಅಂದ್ರಲ್ಲ. ನಾನು ಕೇಳ್ದೆ. ಗೊತ್ತು ಅಂದ್ರಿ.”

“ತಪ್ಪಾಯ್ತು.”

“ಐದು ವರ್ಷ ಎಡೆ ಇಕ್ಕಿದ್ನಲ್ಲಪ್ಪ ಅವನಿಗೆ! ಎತ್ತಾಡಿಸಿದ ಕೈಯಲ್ಲಿ!” ಎಂದ ಆ ಮುದುಕಿ ತಮ್ಮ ಬಲಗೈಯನ್ನು ಬೇರೆ ಯಾರದೋ ಎನ್ನುವಂತೆ ನೋಡಿಕೊಂಡರು. ಬೈದಿದ್ದರೆ ಬಿಂದುಮಾಧವರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಅವರು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗಟ್ಟಿಯಾಗಿ ಹೇಳಿದರು: “ನೋಡಿ ಮೇಷ್ಟ್ರೇ, ನಿಮ್ಮ ಈ ತಪ್ಪು ಇಲ್ಲೇ ಇರ್ಲಿ. ದೇವೀರಿ ಕಿವಿಗೆ ಬೀಳಕೂಡ್ದು. ಆ ಹೆಣ್ಣು ಈಗ ನಗ್ತಾ ಇದೆ. ಮಾತು ಕೊಡಿ.”

ಅವರು ಮಾತು ಕೊಟ್ಟರು.

ಆ ವರ್ಷ ಹಿರಿಯರ ಹಬ್ಬದಲ್ಲಿ ಚೆಲುವರಾಜುವಿನ ಎಡೆ ಇರಲಿಲ್ಲ. ದೇವಿರಮ್ಮ ಕೇಳಿದ್ದಕ್ಕೆ, “ಇನ್ಮೇಲೆ ಎಲ್ರಿಗೂ ಸೇರಿಸಿ ಒಂದೇ ಎಡೆ ಕಣವ್ವ, ನನ್ನ ಕೈಲಿ ಆಗಾಕಿಲ್ಲ” ಎಂದರಂತೆ. ಆದರೆ ಸಂಜೆಯಾದರೆ ಪುಟ್ಟತಾಯಮ್ಮ ಮತ್ತೆ ಮೊದಲಿನಂತೆ ಮಗನ ದಾರಿ ನೋಡುತ್ತ ಬೀದಿಬಾಗಿಲಲ್ಲಿ ಕೂರತೊಡಗಿದ್ದನ್ನು ಬಿಂದುಮಾಧವರು ಆ ಕಡೆ ಹೋದಾಗಲೆಲ್ಲ ಕಂಡರು. ಆ ಕಾಯುವಿಕೆಯನ್ನು ಕಸಿದುಕೊಂಡವರೂ ತಾವೇ. ಮುಗಿಯಿತೆಂದು ನೆಮ್ಮದಿಯಾಗಿದ್ದವರಿಗೆ ಅದನ್ನು ಮರಳಿ ಕೊಟ್ಟವರೂ ತಾವೇ. ಅವರು ಬೀದಿಯ ಆಚೆ ಬದಿ ಹಿಡಿದು ನಡೆಯುತ್ತಿದ್ದರು.

ಪುಸ್ತಕ ಅಚ್ಚಾದದ್ದು 1961ರಲ್ಲಿ. ಒಂದು ಪ್ರತಿ ಕೊಡಲು ಪುಟ್ಟತಾಯಮ್ಮನ ಮನೆಗೆ ಹೋದಾಗ ದೇವಿರಮ್ಮನೂ ಅಲ್ಲಿ ಇದ್ದಳು. ಮಗಳು ಅವಳ ಬೆನ್ನಿಗೆ ಜೋತುಬಿದ್ದಿದ್ದಳು.

“ನಮ್ಮೋರ್ದು ಎಲ್ಲಿ ಬರೆದಿದ್ದೀರಿ ಮೇಷ್ಟ್ರೇ? ಓದಿ, ಕೇಳಾನ” ಎಂದಳು ದೇವಿರಮ್ಮ.

ಬಿಂದುಮಾಧವರು ಪುಟ ತೆರೆದು ಓದಿದರು. “ಲಷ್ಕರ್ ಮೊಹಲ್ಲಾದ ಚೆಲುವರಾಜು. ಮಾರ್ಚ್ ತಿಂಗಳಲ್ಲಿ ಎಲ್ ಅಕ್ಷರದ ವಿಮಾನದಲ್ಲಿ ಹೊರಟರು. ವಿಮಾನ ಹಿಂದಿರುಗಲಿಲ್ಲ.”

“ಅಷ್ಟೇಯಾ? ಗುಡ್ಡದ ಮೇಲೆ ಸಿಕ್ಕಿದ್ದು, ಮಣ್ಣು ಮಾಡಿದ್ದು, ಅದೆಲ್ಲ?”

ಪುಟ್ಟತಾಯಮ್ಮ ತಲೆಯೆತ್ತಿ ನೋಡಿದರು. ಬಿಂದುಮಾಧವರು ಪುಸ್ತಕ ಮುಚ್ಚಿದರು.

“ಜಾಗ ಸಾಲದೆ ಬಂತು ಕಣಮ್ಮ. ಅಚ್ಚಿನವರು ಮೊಟಕು ಮಾಡಿಬಿಟ್ಟರು.”

“ಓಗ್ಲಿ ಬುಡಿ, ಬೇಜಾರು ಮಾಡ್ಕೋಬೇಡಿ,” ಎಂದಳು ದೇವಿರಮ್ಮ, ಅವರ ಮುಖ ಬಾಡಿದ್ದು ಕಂಡು. “ಪುಸ್ತಕದಲ್ಲಿ ಇಲ್ದಿದ್ರೇನು, ನಮಗೆ ಗೊತ್ತಲ್ಲ.”