ಕ್ರಾಪ್ ಹೇಗಿದೆಯಮ್ಮಾ?

ಬೀದರಿನ ನನ್ನ ಕ್ಲಾಸಿನ ಹುಡುಗಿಯರಿಗೆ ಕ್ರಾಪ್ ಎಂದರೆ ಒಂದೇ ಅರ್ಥ: ಮೊಬೈಲಿನ ಫೋಟೋದಿಂದ ಬೇಡವಾದ ಗೆಳತಿಯನ್ನು ಕತ್ತರಿಸಿ ತೆಗೆಯುವುದು. ಇಂಗ್ಲಿಷ್ ಕಲಿಸುವವಳು ನಾನು, ಸುಮ್ಮನೆ ಬಿಡುತ್ತೇನೆಯೇ? ಮೊದಲು ಅದಕ್ಕೆ ಗಿಡದ ತುದಿ, ತೆನೆ ಎಂಬ ಅರ್ಥವಿತ್ತು ಎನ್ನುತ್ತೇನೆ. ಆಮೇಲೆ ಆ ತುದಿ ಕತ್ತರಿಸುವುದೂ ಕ್ರಾಪ್ ಆಯಿತು, ಕೊಯ್ದು ತಂದ ಬೆಳೆಯೂ ಕ್ರಾಪ್ ಆಯಿತು. ಕುರಿ ಹುಲ್ಲು ಮೇಯುವುದಕ್ಕೂ ಕೂದಲು ಗಿಡ್ಡ ಮಾಡುವುದಕ್ಕೂ ಅದೇ ಪದ. ಹುಡುಗಿಯರು ಆಕಳಿಸುತ್ತಾರೆ. ಆಕಳಿಸಲಿ. ಈ ಪದದ ಜೊತೆ ನನಗಿರುವ ಜಗಳ ಅವರಿಗೇನು ಗೊತ್ತು.

ನಾನು ಚಿಕ್ಕವಳಿದ್ದಾಗಿನ ಮಾತು, ಅದು ಬರದ ವರ್ಷ. ಔರಾದ ಹತ್ತಿರದ ನಮ್ಮೂರಿನಲ್ಲಿ ಕುಡಿಯಲಿಕ್ಕೇ ನೀರಿಲ್ಲ, ತಲೆ ತೊಳೆಯುವುದೆಲ್ಲಿ ಬಂತು? ಹೇನು ಬಿದ್ದವು. ಅವ್ವ ನನ್ನ ಜಡೆಯನ್ನು ಬುಡಕ್ಕೇ ಕತ್ತರಿಸಿ, ಗಂಡುಹುಡುಗರ ಹಾಗೆ ಕ್ರಾಪ್ ಮಾಡಿಬಿಟ್ಟಳು. ನನಗೆ ಗೊತ್ತಿದ್ದ ಕ್ರಾಪ್ ಅದೊಂದೇ.

ಅವ್ವ ಅಪ್ಪ ದುಡಿಯಲು ಹೈದರಾಬಾದಿಗೆ ಹೊರಟಿದ್ದರು. ಭಾಲ್ಕಿಯ ಹಾಸ್ಟೆಲಿನಲ್ಲಿ ಸೀಟು ಸಿಕ್ಕರೆ ನಾನು ಅಲ್ಲಿ, ಸಿಗದಿದ್ದರೆ ಅವರ ಜೊತೆ. ಸಿಗಬಾರದು ದೇವರೇ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ.

ಹಾಸ್ಟೆಲಿನ ಮೇಡಂ ಮೈಸೂರು ಕಡೆಯವರು. ತಲೆಗೆ ಸ್ಕಾರ್ಫ್ ಬಿಗಿದುಕೊಂಡು ನಿಂತಿದ್ದ ನನ್ನನ್ನು, "ಈ ವರ್ಷ ಕ್ರಾಪ್ ಹೇಗಿದೆಯಮ್ಮಾ?" ಎಂದು ಕೇಳಿದರು. ಅವರು ಕೇಳಿದ್ದು ಹೊಲದ ಬೆಳೆಯ ವಿಷಯ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ತಲೆಯನ್ನು ಆಡಿಕೊಳ್ಳುತ್ತಿದ್ದಾರೆಂದು ಮೈ ಉರಿಯಿತು.

"ಹ್ಯಾಂಗ ಇರ್ತದ್ರಿ? ನೀರೇ ಇಲ್ಲ. ಅವ್ವ ಎಲ್ಲಾ ಬುಡಕ್ಕೇ ಕೊಯ್ದು ಒಗದಾಳ್ರಿ," ಎಂದೆ.

ಮೇಡಂ ಪೆನ್ನು ಕೆಳಗಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. "ಈ ಮಗುವಿಗೆ ಕೊಡದೆ ಇನ್ಯಾರಿಗೆ ಸೀಟು ಕೊಡಲಿ?" ಎಂದರು. ಅವ್ವ ಅವರ ಕಾಲಿಗೆ ಬಿದ್ದಳು.

ನನಗೆ ಗಾಬರಿಯಾಯಿತು. ಸ್ಕಾರ್ಫ್ ಕಿತ್ತು ತಲೆ ತೋರಿಸಿದೆ. "ಇದ್ರಿ ಮೇಡಂ, ಈ ಕ್ರಾಪ್ ಹೇಳೀನ್ರಿ. ಹೊಲದ್ದಲ್ರಿ."

ಮೇಡಂ ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಹಾಗಾದರೆ ಹೊಲವೇನು ಹಸಿರಾಗಿದೆಯೇ?" ಎಂದು ಕೇಳಿ, ನನ್ನ ಹೆಸರು ಬರೆದುಕೊಂಡೇಬಿಟ್ಟರು.

ಸಂಜೆ ಅವ್ವ ಅಪ್ಪ ಹೈದರಾಬಾದ್ ಗಾಡಿ ಹತ್ತಿದರು. ಅವ್ವನ ಮುಖದಲ್ಲಿ ಅಷ್ಟು ಹಿಗ್ಗನ್ನು ನಾನು ಆ ವರ್ಷವಿಡೀ ಕಂಡಿರಲಿಲ್ಲ. "ಎಷ್ಟ್ ಚಂದ ಮಾತಾಡ್ದಿ ನೋಡವ್ವ, ನನ್ನ ಜಾಣಿ," ಎಂದು ಕಿಟಕಿಯಿಂದ ಕೈ ಚಾಚಿದಳು. ಆ ಜಾಣತನ ನನಗೆ ಬೇಕಿರಲಿಲ್ಲ. ಅವ್ವ ಬೇಕಾಗಿದ್ದಳು.