ಶೆಟ್ಟಿಕೊಪ್ಪದಲ್ಲಿ ಇಳಿದ ಕಂಡಕ್ಟರ್

ಕೊಪ್ಪದಿಂದ ಎನ್.ಆರ್. ಪುರಕ್ಕೆ ಓಡುವ ಆ ಖಾಸಗಿ ಬಸ್ಸಿಗೆ ಹತ್ತುವ ಹೆಂಗಸರಲ್ಲಿ ಒಂದು ರೂಢಿಯಿದೆ. ಮೊದಲು ಮಗು ಕಂಡಕ್ಟರನ ಕೈಗೆ, ಆಮೇಲೆ ಚೀಲ ಮೆಟ್ಟಿಲಿಗೆ, ಕೊನೆಗೆ ತಾವು. ಕಂಡಕ್ಟರ್ ಪ್ರಸನ್ನಕುಮಾರ್ ಹನ್ನೊಂದು ವರ್ಷ ಹೀಗೆ ಊರವರ ಮಕ್ಕಳನ್ನೆಲ್ಲ ಎತ್ತಿದವನು. ಅವನ ಅಂಗಿಯ ಮೇಲೆ ಉಚ್ಚೆ ಹೊಯ್ಯದ ಮನೆತನ ಆ ದಾರಿಯಲ್ಲಿ ಕಡಿಮೆ. ಅಂಥವನು ತನಗೇ ಮಗಳು ಹುಟ್ಟಿದ ಮೇಲೆ ಕೈ ಹಿಂದಕ್ಕೆ ಕಟ್ಟಿ ನಿಲ್ಲತೊಡಗಿದ.

ಆಸ್ಪತ್ರೆಯಲ್ಲಿ ನರ್ಸ್ ಬಟ್ಟೆ ಸುತ್ತಿದ ಕೂಸನ್ನು ಅವನ ಕೈಗಿಟ್ಟಾಗ ಸಂತೋಷ ಬರಲಿಲ್ಲ. ಇದು ನನ್ನ ಕೈಯಿಂದ ಬೀಳುತ್ತದೆ ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ಉಣ್ಣುವಾಗ, ಟಿಕೆಟ್ ಹರಿಯುವಾಗ, ಮಗು ಬೀಳುವುದೇ ಕಣ್ಣ ಮುಂದೆ. ನಿದ್ದೆ ಕೆಟ್ಟಿತು. ಬೆಲ್ಟಿಗೆ ಎರಡು ಹೊಸ ತೂತು ಬೇಕಾದವು. ಮಂಡಿನೋವಾದರೆ ನಾವು ಗಂಡಸರು ಕೇಳದವರನ್ನೂ ನಿಲ್ಲಿಸಿ ಹೇಳುತ್ತೇವೆ. ಈ ನೋವಿನ ಹೆಸರು ಗೊತ್ತಿಲ್ಲದ್ದರಿಂದ ಪ್ರಸನ್ನ ಗ್ಯಾಸ್ಟ್ರಿಕ್ ಎಂದುಬಿಟ್ಟ.

ಹೆಂಡತಿ ಶಿಲ್ಪಶ್ರೀ ಬಾಣಂತನಕ್ಕೆ ತವರಾದ ಶೆಟ್ಟಿಕೊಪ್ಪದಲ್ಲಿದ್ದಳು. ಭಾನುವಾರ ಅಳಿಯ ಹೋದರೆ ಕುರ್ಚಿ, ಕಾಫಿ, ಉಪ್ಪಿಟ್ಟು. ಮಗುವನ್ನು ಬಾಗಿಲವರೆಗೆ ತಂದು ತೋರಿಸುವರು. ಎತ್ತಿಕೊಳ್ಳಿ ಎಂದರೆ ಕೈ ಕೊಳೆ ಎನ್ನುವನು. ಐದನೇ ತಿಂಗಳಿಗೆ ಅವನು ತಾಯಿಯನ್ನೂ ಮಗುವನ್ನೂ ಕರೆದೊಯ್ಯಬೇಕಿತ್ತು. ಒಮ್ಮೆ ಮನೆಗೆ ಸುಣ್ಣ ಬಳಿಯಬೇಕೆಂದ, ಇನ್ನೊಮ್ಮೆ ರಜೆ ಸಿಗಲಿಲ್ಲ ಎಂದ. ಏಳು ತಿಂಗಳಾಯಿತು. ಹೆಣ್ಣು ಹುಟ್ಟಿತೆಂದು ಅಳಿಯ ಮುಖ ಊದಿಸಿಕೊಂಡಿದ್ದಾನೆ ಎಂದು ಮಾವ ವೃಷಭೇಂದ್ರಪ್ಪ ತೀರ್ಮಾನಿಸಿದರು. ಈ ಮಾತು ಕಿವಿಗೆ ಬಿದ್ದಾಗಲೂ ಪ್ರಸನ್ನ ಅಲ್ಲ ಎನ್ನಲಿಲ್ಲ. ಹೆದರುಪುಕ್ಕ ಎನಿಸಿಕೊಳ್ಳುವುದಕ್ಕಿಂತ ಕೆಟ್ಟವನೆನಿಸಿಕೊಳ್ಳುವುದು ಸಲೀಸು.

ಒಂದು ಸೋಮವಾರ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಮಲಕ್ಕ ಎಂಬ ಅಜ್ಜಿ ಮೊಮ್ಮಗನನ್ನು ಅವನತ್ತ ಚಾಚಿದರು. ಅವನು ಹಿಂದೆ ಸರಿದ. ಮಗುವನ್ನೂ ಚೀಲವನ್ನೂ ಹಿಡಿದು ಹತ್ತುವಾಗ ಅಜ್ಜಿ ಮುಗ್ಗರಿಸಿ, ಮಗುವಿನ ಹಣೆ ಬಾಗಿಲ ಕಂಬಿಗೆ ಬಡಿದು ಊದಿತು.

"ನಿನ್ ಕೈಗೆ ಎಂತ ಬಡ್ದದೆ ಮಾರಾಯ? ಅಪ್ಪ ಆದ ಮೇಲೆ ಗತ್ತು ಬಂತಾ?" ಎಂದರು ಕಮಲಕ್ಕ.

ಡ್ರೈವರ್ ತಿಮ್ಮಪ್ಪ ಕನ್ನಡಿಯಲ್ಲಿ ಎಲ್ಲ ನೋಡಿದ್ದ. ದಾರಿಯಲ್ಲಿ ಪ್ರಸನ್ನನನ್ನು ಬಾನೆಟ್ಟಿನ ಹತ್ತಿರ ಕರೆದ.

"ನಿಂದು ಗ್ಯಾಸ್ಟ್ರಿಕ್ ಅಲ್ಲ."

"ಮತ್ತೆಂತ?"

"ನನ್ ದೊಡ್ ಮಗ ಹುಟ್ಟಿದಾಗ ಮೂರು ತಿಂಗ್ಳು ನಾನು ಬಸ್ಸಲ್ಲೇ ಮಲಗ್ತಿದ್ದೆ. ಮನೇಲಿ ಟ್ರಿಪ್ ಜಾಸ್ತಿ ಅಂತಿದ್ದೆ. ಒಳಗೆ ಕಾಲಿಟ್ರೆ ಎದೆ ಡವಡವ."

"ಆಮೇಲೆ ಹ್ಯಾಂಗೆ ಹೋಯ್ತು?"

"ಹೋಯ್ತು ಅಂತ ಯಾರಂದ್ರು? ನಾನು ಯಾರತ್ರನೂ ಹೇಳ್ಲಿಲ್ಲ. ಅವ ಈಗ ನನ್ ಹತ್ರ ಮಾತಾಡಲ್ಲ, ಸರಿಹೋಯ್ತು." ತಿಮ್ಮಪ್ಪ ಗೇರ್ ಬದಲಿಸಿದ. "ಶೆಟ್ಟಿಕೊಪ್ಪದಲ್ಲಿ ಇಳಿ. ಪುರದವರೆಗೆ ಟಿಕೆಟ್ ನಾನು ನೋಡ್ಕೋತೀನಿ. ಬಾಯಿ ಬಿಟ್ಟು ಹೇಳು."

ಪ್ರಸನ್ನ ಇಳಿದ. ಮಾವನ ಮನೆ ರಸ್ತೆಯ ಆಚೆ. ವೃಷಭೇಂದ್ರಪ್ಪ ಜಗಲಿಯಿಂದ ಏಳಲಿಲ್ಲ.

"ಸುಣ್ಣ ಬಳಿಯೋದು ಮುಗೀತಾ? ನಿಧಾನ ಮಾಡಿ. ನಾವು ಮಗಳನ್ನ ಕಳ್ಸೋದಿಲ್ಲ ಅಂತ ಮಾಡಿದೀವಿ."

"ಹೆಣ್ಣು ಅಂತ ಅಲ್ಲ ಮಾವ. ಹೆದ್ರಿಕೆ. ಎತ್ತಿದ್ರೆ ಬೀಳಿಸ್ತೀನಿ ಅನ್ಸುತ್ತೆ."

"ದಿನಾ ಊರವರ ಮಕ್ಕಳನ್ನ ಎತ್ತೋರು ನೀವು."

"ಅವು ನಂದಲ್ಲ. ಈಗ ಅವನ್ನೂ ಎತ್ತಕ್ಕಾಗ್ತಿಲ್ಲ."

ಒಳಗಿನಿಂದ ಶಿಲ್ಪಶ್ರೀ ಮಗುವಿನೊಂದಿಗೆ ಬಂದಳು. ಅವಳ ಕಣ್ಣಡಿಯೂ ಕಪ್ಪಾಗಿತ್ತು.

"ಇದೊಂದು ಮಾತು ಹೇಳಕ್ಕೆ ಏಳು ತಿಂಗ್ಳು ಬೇಕಿತ್ತಾ? ನೀವು ನನ್ನ ಬಿಟ್ರಿ ಅಂತ ನಾನಿಲ್ಲಿ ಅತ್ತಿದ್ದೆಷ್ಟು."

ಹೊರಗೆ ಬಸ್ಸು ಹೊರಟ ಸದ್ದಾಯಿತು.

"ಕಳ್ಸೋ ಮಾತು ಇವತ್ತು ಬೇಡ," ಎಂದು ವೃಷಭೇಂದ್ರಪ್ಪ ತೋಟದ ಕಡೆ ನಡೆದರು.

ಶಿಲ್ಪಶ್ರೀ ಮಗುವನ್ನು ಅವನ ಕೈಗೆ ಕೊಡಲಿಲ್ಲ. ಚಾಪೆಯ ಮೇಲೆ ಮಲಗಿಸಿ, "ಎತ್ತೋದು ಬೇಡ, ಹತ್ರ ಕೂತ್ಕೊಳ್ಳಿ," ಎಂದಳು. ಅವನು ಮೊಳ ದೂರದಲ್ಲಿ ಕೂತ. ಮಗು ಈ ಅಪರಿಚಿತನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತುಟಿ ಸೊಟ್ಟ ಮಾಡಿ, ಜೋರಾಗಿ ಅಳತೊಡಗಿತು. ಅವನು ಎದ್ದು ಹೋಗಲು ನೆಲಕ್ಕೆ ಕೈಯೂರಿದ.

"ಏಳ್ಬೇಡಿ," ಎಂದಳು ಶಿಲ್ಪಶ್ರೀ.

ಅವನು ಕೂತೇ ಇದ್ದ. ಮಗು ಅಳು ನಿಲ್ಲಿಸಲಿಲ್ಲ.