ಪರದೆಯಕ್ಕನ ಐದು ಟಾಕೀಸು

ಟಾಕೀಸಿನ ಯಜಮಾನ ಮೊದಲ ಸಲ ಅವಳ ಅಂಗಡಿಗೆ ಬಂದದ್ದು ಒಂದು ಸುಡು ಮಧ್ಯಾಹ್ನ. ಆಗಿನ್ನೂ ಅವನಿಗೆ ಟಾಕೀಸೇ ಇರಲಿಲ್ಲ. ಅವಳದೂ ಹೆಸರಿಗಷ್ಟೇ ಅಂಗಡಿ: ಸೈಕಲ್ ರಿಪೇರಿಯವನ ಪಕ್ಕದಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಕತ್ತರಿ ನೇತುಹಾಕಲು ಒಂದು ಮೊಳೆ. ಅವಳು ನೆಲದ ಮೇಲೆ ಕೂತು ಶಾಲೆಯ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು. ಅವನು ಹೆಗಲ ಮೇಲಿನ ಬಿಳಿಬಟ್ಟೆಯ ಗಂಟು ಇಳಿಸಿದ. ಸ್ಟೂಲು ಅದರಡಿ ಮುಚ್ಚಿಹೋಯಿತು. ಅವನ ಕನ್ನಡಕ ಬೆವರಿಗೆ ಮೂಗಿನ ತುದಿಗೆ ಜಾರಿತ್ತು.

"ಇದನ್ನ ಹೊಲಿದು ಕೊಡ್ಬೇಕಮ್ಮ."

"ಯಾರ ಅಳತೆಗೆ?"

"ಗೋಡೆ ಅಳತೆಗೆ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಗೋಡೆಗೂ ಅಂಗಿನಾ? ತೋಳು ಬೇಕಾ, ಬೇಡ್ವಾ?"

ಅವನು ನಕ್ಕುಬಿಟ್ಟ. ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಸಿನಿಮಾ ತೋರಿಸಲು ಹೊರಟಿದ್ದ. ಸಿದ್ಧ ಪರದೆ ತರಿಸುವ ಶಕ್ತಿ ಇರಲಿಲ್ಲ.

ಗೋದಾಮಿನ ನೆಲದ ಮೇಲೇ ಬಟ್ಟೆ ಹಾಸಿ, ಎರಡು ಅಗಲ ತುಂಡುಗಳನ್ನು ಸೇರಿಸಿ, ಅವಳು ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ಹೊಲಿಗೆ ಹಾಕಿದಳು. ಅಂಗಿ ಹೊಲಿದ ಕೈಗೆ ಅದೇ ಅಭ್ಯಾಸ. ಮೊದಲ ಆಟದ ದಿನ ನಾಯಕ ಎದುರಿಗೆ ಬಂದು ನಿಂತರೆ ಹಣೆಯಿಂದ ಗದ್ದದವರೆಗೆ ಗೆರೆ!

"ಪಾಪ, ಇವನಿಗೆ ಆಪರೇಷನ್ ಆಗಿದೆ ಕಣ್ರೋ!" ಎಂದು ಮುಂದಿನ ಬೆಂಚಿನಿಂದ ಯಾರೋ ಕೂಗಿದರು. ಆಮೇಲೆ ನಾಯಕಿ ಅತ್ತರೂ ಜನ ನಕ್ಕರು. ಭೂಮಿ ಬಾಯಿಬಿಟ್ಟರೆ ಸಾಕು ಎಂದು ಅವಳು ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಅಳೋ ಸಿನಿಮಾನ ನಗೋ ಸಿನಿಮಾ ಮಾಡ್ಬಿಟ್ಯಲ್ಲ ತಂಗಿ," ಎಂದ ಯಜಮಾನ. "ನಾಳೆ ಇನ್ನೂ ಜನ ಬರ್ತಾರೆ ಬಿಡು."

ಬೆಳಗಾಗುತ್ತಲೇ ಅವಳು ಹೊಲಿಗೆ ಬಿಚ್ಚಿದಳು. ಒಂದು ತುಂಡನ್ನು ಇಡಿಯಾಗಿ ನಡುವೆ ಇಟ್ಟು, ಇನ್ನೊಂದನ್ನು ಉದ್ದುದ್ದ ಸೀಳಿ ಆಚೆ ಈಚೆ ಸೇರಿಸಿದಳು. ಅಂದಿನಿಂದ ನಾಯಕನ ಮುಖ ನೆಟ್ಟಗಾಯಿತು. ಪಕ್ಕದಲ್ಲಿ ನಿಲ್ಲುವ ಖಳನಿಗೆ ಮಾತ್ರ ಗಾಯ. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಗೋದಾಮು ಹೋಗಿ ಅಲ್ಲೇ ಬಾಲ್ಕನಿ ಇರುವ ಕಟ್ಟಡ ಎದ್ದಿತು. ಆಮೇಲೆ ಗಿರಣಿ ಬೀದಿಯಲ್ಲೊಂದು, ನದಿಯಾಚೆಯ ಊರಿನಲ್ಲೊಂದು, ಹೀಗೆ ಸುತ್ತಮುತ್ತ ಐದು ಟಾಕೀಸುಗಳಾದವು. ಪರದೆಗಳು ಕಾರ್ಖಾನೆಯಿಂದ ಬರತೊಡಗಿದರೂ ಅವುಗಳ ಮುಂದಿನ ಮಖಮಲ್ಲು ತೆರೆ, ಬಾಗಿಲ ತೆರೆ, ಕುರ್ಚಿಯ ಗವಸು ಎಲ್ಲ ಅವಳ ಕೈಯದೇ. ಮೊದಲ ಟಾಕೀಸಿನ ಹಿಂದೆ ಅವಳಿಗೊಂದು ಕೋಣೆ ಸಿಕ್ಕಿತು. "ನಾನಿರೋ ತನಕ ಇದು ನಿಂದೇ," ಎಂದಿದ್ದ ಯಜಮಾನ. ಅವಳ ವಿಧವೆ ನಾದಿನಿಯೂ ಅಲ್ಲೇ ಹೊಲಿಯಲು ಕೂತಳು. ಎರಡು ಮನೆಯ ಒಲೆ ಆ ಕೋಣೆಯಿಂದಲೇ ಉರಿಯಿತು. ಜನ ಅವಳನ್ನು ಪರದೆಯಕ್ಕ ಎಂದರು.

ಯಜಮಾನನ ಮಂಡಿ ಸೋತಾಗ ವ್ಯವಹಾರ ಅವನ ಮಗಳ ಕೈಗೆ ಬಂತು. ದೊಡ್ಡ ಕಂಪನಿಯೊಂದು ಐದು ಟಾಕೀಸನ್ನೂ ಒಟ್ಟಿಗೆ ಕೊಳ್ಳಲು ಕೇಳಿತು. ಗೇಟಿನವರನ್ನು, ಟಿಕೆಟಿನವರನ್ನು ಇಟ್ಟುಕೊಳ್ಳಲು ಒಪ್ಪಿತು. ಆದರೆ ಹೊಸ ನಮೂನೆಯ ಚಿತ್ರಮಂದಿರಕ್ಕೆ ತೆರೆ ಬೇಡ. ಹೊಲಿಗೆ ಕೋಣೆ ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡಬೇಕು.

ಒಂದು ದಿನ ಮಗಳು ಕೋಣೆಗೆ ಬಂದಳು. "ಅತ್ತೆ, ಅಪ್ಪ ಸಹಿ ಹಾಕ್ತಾನೇ ಇಲ್ಲ. ಒಂದಿನ ಕನ್ನಡಕ ಇಲ್ಲ ಅಂತಾರೆ, ಒಂದಿನ ಪೆನ್ನು ಸರಿ ಇಲ್ಲ ಅಂತಾರೆ."

ಪರದೆಯಕ್ಕನಿಗೆ ಕಾರಣ ಹೊಳೆಯಿತು. ಸುಮ್ಮನಿದ್ದರೆ ಕೋಣೆ ಉಳಿಯುತ್ತಿತ್ತು. ನಾದಿನಿಯ ಮುಖ ನೋಡಿದಳು. ನಾದಿನಿ ಯಂತ್ರದಿಂದ ತಲೆ ಎತ್ತಲಿಲ್ಲ. ಪರದೆಯಕ್ಕ ಎದ್ದು ಹೊರಗೆ ಹೋದರೆ ಯಜಮಾನ ಬಾಲ್ಕನಿ ಮೆಟ್ಟಿಲಿನ ಅರ್ಧದಲ್ಲಿ, ಕಂಬಿ ಹಿಡಿದು ಏದುಸಿರು ಬಿಡುತ್ತ ಕೂತಿದ್ದ.

"ನಮ್ಮ ಕೋಣೆಗೋಸ್ಕರ ತಡೀತಿದ್ದೀರಾ ಅಣ್ಣ?"

"ಕೋಣೆಗಲ್ಲ. ಮಾತು ಕೊಟ್ಟಿದ್ದೆ ನೋಡು."

"ಮಾತು ಕೊಟ್ಟಿದ್ದು ಬಾಯಿ. ಅದಕ್ಕೆ ಮಂಡಿಗ್ಯಾಕೆ ಶಿಕ್ಷೆ?"

"ನೀವಿಬ್ರೂ ಎಲ್ಲಿಗೆ ಹೋಗ್ತೀರಿ?"

"ಯಂತ್ರ ಕೊಡಿ, ಹೊತ್ಕೊಂಡು ಹೋಗ್ತೀವಿ. ಮಾವಿನಮರ ಅಲ್ವಲ್ಲ, ಕಿತ್ತರೆ ಒಣಗೋಕೆ. ಮನೆಮನೆಗೂ ಕಿಟಕಿ ಇದೆ. ಸಹಿ ಹಾಕಿ ಅಣ್ಣ."

"ಹೆದರಿಕೆ ಆಗಲ್ವಾ ನಿಂಗೆ?"

"ಆಗುತ್ತೆ. ಬೇಗ ಹಾಕಿ, ಮನಸ್ಸು ಬದಲಾಗೋ ಮುಂಚೆ."

ಅವನು ಆ ವಾರವೇ ಸಹಿ ಹಾಕಿದ. ಯಂತ್ರಗಳನ್ನು ಅವಳು ಹಿಡಿದ ಬಾಡಿಗೆ ಕೋಣೆಗೆ ತನ್ನದೇ ಗಾಡಿಯಲ್ಲಿ ಸಾಗಿಸಿಕೊಟ್ಟ. ಮೊದಮೊದಲು ಗಿರಾಕಿಗಳು ಬರಲಿಲ್ಲ; ನಾದಿನಿ ಬಾಗಿಲು ನೋಡುತ್ತ ಕೂರುತ್ತಿದ್ದಳು. ಆಮೇಲೆ ಆಸ್ಪತ್ರೆಯೊಂದರಿಂದ ಹಾಸಿಗೆಗಳ ನಡುವೆ ಎಳೆಯುವ ತೆರೆಗಳಿಗೆ ಕರೆ ಬಂತು. ಅದರ ಬೆನ್ನಿಗೇ ಎರಡು ಶಾಲೆಗಳ ಕೆಲಸವೂ ಬಂತು.

ಈಗ ಅವಳು ನಾದಿನಿಯ ಜೊತೆ ತರಕಾರಿ ಮಾರುಕಟ್ಟೆಯ ಎದುರಿನ ಬಾಡಿಗೆ ಕೋಣೆಯಲ್ಲಿ ಮನೆಗಳಿಗೆ, ಶಾಲೆಗಳಿಗೆ, ಆಸ್ಪತ್ರೆಗೆ ತೆರೆ ಹೊಲಿಯುತ್ತಾಳೆ.